ನೋವಿನ ಗುಳಿಗೆಯ ಲೆಕ್ಕ

ಸಂಸಾರವಂದಿಗರ ಯಾವ ಮನೆಯಲ್ಲಿ ನೋಡಿದರೂ ಹಳೆಯ ಬಿಸ್ಕತ್ತಿನ ಡಬ್ಬಿಯೊಂದೋ, ಗೋಡೆ ಬೀರುವಿನ ಮೇಲಿನ ಅರೆಯೋ ಔಷಧಗಳಿಗೆಂದು ಮೀಸಲಾಗಿರುತ್ತದೆ. ಅದರಲ್ಲಿ ಬೇರೇನಿಲ್ಲದಿದ್ದರೂ ನೋವಿನ ಗುಳಿಗೆ ಇದ್ದೇ ಇರುತ್ತದೆ. ಮನೆಯೊಡತಿಗೆ ಕಚೇರಿಯಿಂದ ಬಂದೊಡನೆ ತಲೆನೋವು, ಯಜಮಾನರಿಗೆ ಸೊಂಟನೋವು, ಅಜ್ಜಿಗೆ ಮಂಡಿನೋವು, ಮಗಳಿಗೆ ತಿಂಗಳಿನ ಹೊಟ್ಟೆನೋವು, ಮಳೆಯಲ್ಲಿ ನೆನೆದು ಬಂದ ಚಿಕ್ಕವನಿಗೆ ಜ್ವರ. ಎಲ್ಲಕ್ಕೂ ಕೈ ಹೋಗುವುದು ಆ ಡಬ್ಬಿಗೇ. ಅಂಗಡಿಯಲ್ಲಿ ವೈದ್ಯರ ಚೀಟಿ ಕೇಳುವವರು ಅಪರೂಪ, ಬೆಲೆಯೂ ಹೆಚ್ಚಲ್ಲ. ಇಷ್ಟು ಸುಲಭವಾಗಿ ದೊರೆಯುವ ವಸ್ತುವಿನಲ್ಲಿ ಅಪಾಯವೇನಿದ್ದೀತು ಎಂಬ ಭಾವನೆ ಬೇರೂರಿರುವುದು ಸಹಜವೇ.

ಈ ಗುಳಿಗೆಗಳನ್ನು ದೂರುವುದು ಸರಿಯಲ್ಲ. ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ದಿನ ಸೇವಿಸಿದಾಗ ಅವು ಮನುಷ್ಯನಿಗೆ ಮಾಡಿರುವ ಉಪಕಾರ ದೊಡ್ಡದು. ಕೆಡುಕು ಬರುವುದು ಹೆಚ್ಚಾಗಿ ಲೆಕ್ಕ ತಪ್ಪಿದಾಗ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ, ವಿದ್ಯುತ್ತಿನ ಲೆಕ್ಕಗಳನ್ನು ಪೈಸೆ ಬಿಡದೆ ಇಡುವ ಸಂಸಾರಗಳಲ್ಲಿಯೂ ಈ ಒಂದು ಲೆಕ್ಕವನ್ನು ಇಡುವವರು ಕಡಿಮೆ. ಅದನ್ನು ಇಡುವುದು ಹೇಗೆಂಬುದನ್ನು ಪ್ರತಿಯೊಂದು ಮನೆಯಲ್ಲಿ ಒಬ್ಬರಾದರೂ ತಿಳಿದಿರುವುದು ಅಗತ್ಯ.

ಹೆಸರು ನೂರು, ಮದ್ದು ನಾಲ್ಕಾರು

ಗುಳಿಗೆಯ ಸ್ಟ್ರಿಪ್ಪಿನ ಮೇಲೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಒಂದು ತಯಾರಿಸಿದ ಕಂಪನಿ ಇಟ್ಟ ಹೆಸರು. ಇನ್ನೊಂದು ಒಳಗಿರುವ ಮದ್ದಿನ ಹೆಸರು. ಅಂಗಡಿಯಲ್ಲಿ ಜನ ಕೇಳುವುದು ಮೊದಲನೆಯದನ್ನು. ದೇಹಕ್ಕೆ ತಿಳಿಯುವುದು ಎರಡನೆಯದು ಮಾತ್ರ. ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಂಬ ಮೂರು ಬೇರೆ ಬೇರೆ ಹೆಸರುಗಳ ಒಳಗಿರುವುದು ಪ್ಯಾರಾಸಿಟಮಾಲ್ ಎಂಬ ಒಂದೇ ಮದ್ದು. ಕಾಂಬಿಫ್ಲಾಮ್ ಗುಳಿಗೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ ಇದೆ. ತಲೆನೋವಿಗೆಂದು ನುಂಗುವ ಸಾರಿಡಾನ್‌ನಲ್ಲಿಯೂ 250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಡಗಿದೆ. ನೆಗಡಿ, ಶೀತಗಳಿಗೆಂದು ಮಾರುವ ಅನೇಕ ಗುಳಿಗೆಗಳಲ್ಲಿ ಮತ್ತೆ ಅದೇ.

ಮನೆಯ ಡಬ್ಬಿಯಲ್ಲಿರುವ ನೋವಿನ ಮದ್ದುಗಳನ್ನು ಎರಡು ಕುಲಗಳಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ಪ್ಯಾರಾಸಿಟಮಾಲ್ ಒಂದೇ. ಇದು ನೋವನ್ನೂ ಜ್ವರವನ್ನೂ ಇಳಿಸುತ್ತದೆ. ಊತವನ್ನು ಇಳಿಸುವ ಶಕ್ತಿ ಇದಕ್ಕೆ ಅಷ್ಟಾಗಿ ಇಲ್ಲ. ಎರಡನೆಯದರಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಮ್ಲ ಮೊದಲಾದವು ಸೇರುತ್ತವೆ. ಇವು ನೋವಿನೊಡನೆ ಊತವನ್ನೂ ತಗ್ಗಿಸುತ್ತವೆ. ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ 1897ರಲ್ಲಿ ಸಿದ್ಧವಾದ ಆಸ್ಪಿರಿನ್ 1899ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಆದರೆ ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬ ಗುಟ್ಟನ್ನು ಬ್ರಿಟನ್ನಿನ ಜಾನ್ ವೇನ್ ಬಿಡಿಸಿದ್ದು 1971ರಲ್ಲಿ. ನೋವು, ಊತಗಳನ್ನು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಆಸ್ಪಿರಿನ್ ತಡೆಯುತ್ತದೆಂದು ಅವರು ತೋರಿಸಿಕೊಟ್ಟರು. ಪ್ರೊಸ್ಟಾಗ್ಲಾಂಡಿನ್‌ಗಳ ಕುರಿತ ಸಂಶೋಧನೆಗಾಗಿ 1982ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೂವರಲ್ಲಿ ಅವರೂ ಒಬ್ಬರು. ಅದೇ ದ್ರವ್ಯಗಳು ಜಠರದ ಒಳಪದರವನ್ನು ಕಾಯುತ್ತವೆ, ಮೂತ್ರಪಿಂಡಗಳಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ನೋವು ಇಳಿಸಲೆಂದು ಅವುಗಳನ್ನು ತಡೆದಾಗ ಈ ಕಾವಲೂ ಸಡಿಲವಾಗುತ್ತದೆ. ಎರಡನೆಯ ಕುಲದ ಗುಣವೂ ದೋಷವೂ ಒಂದೇ ಬೇರಿನಿಂದ ಬಂದವು.

ನಾಲ್ಕು ಸಾವಿರದ ಗೆರೆ

ಆರೋಗ್ಯವಂತರಾದ ವಯಸ್ಕರು ಪ್ಯಾರಾಸಿಟಮಾಲನ್ನು ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂವರೆಗೆ ತೆಗೆದುಕೊಳ್ಳಬಹುದು. ಎರಡು ಸೇವನೆಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು. 24 ಗಂಟೆಗಳಲ್ಲಿ ಒಟ್ಟು 4000 ಮಿಲಿಗ್ರಾಂ ದಾಟಕೂಡದು. ಬಡಕಲು ಮೈಯವರಿಗೆ, ವೃದ್ಧರಿಗೆ, ಯಕೃತ್ತಿನ ಕಾಯಿಲೆಯುಳ್ಳವರಿಗೆ, ನಿತ್ಯವೂ ಮದ್ಯಪಾನ ಮಾಡುವವರಿಗೆ, ದಿನಗಟ್ಟಲೆ ಊಟವಿಲ್ಲದೆ ಸೊರಗಿದವರಿಗೆ ಈ ಗೆರೆ ಇನ್ನೂ ಕೆಳಗಿರುತ್ತದೆ. ಅವರ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು.

ಗೆರೆಯನ್ನು ಯಾರೂ ಬೇಕೆಂದು ದಾಟುವುದಿಲ್ಲ. ಜ್ವರ, ನೆಗಡಿಗಳಿಂದ ಮಲಗಿರುವ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. ಜ್ವರಕ್ಕೆಂದು ಅವರು 650 ಮಿಲಿಗ್ರಾಮಿನ ಗುಳಿಗೆಯನ್ನು ದಿನಕ್ಕೆ ನಾಲ್ಕು ಬಾರಿ ನುಂಗುತ್ತಾರೆ: 2600 ಮಿಲಿಗ್ರಾಂ ಆಯಿತು. ಮೂಗು ಕಟ್ಟಿದೆಯೆಂದು ನೆಗಡಿಯ ಗುಳಿಗೆಯನ್ನು ಮೂರು ಬಾರಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ತಲಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ಇನ್ನು 1500 ಕೂಡಿತು. ರಾತ್ರಿ ತಲೆ ಸಿಡಿಯುತ್ತಿದೆಯೆಂದು ಒಂದು ಸಾರಿಡಾನ್: ಮತ್ತೆ 250. ಒಟ್ಟು 4350 ಮಿಲಿಗ್ರಾಂ. ಮೂರು ಗುಳಿಗೆಗಳನ್ನೂ ಅವರು ಸ್ಟ್ರಿಪ್ಪಿನ ಮೇಲೆ ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಂಡರು, ಒಂದರಲ್ಲಿಯೂ ತಪ್ಪಲಿಲ್ಲ. ಕೂಡಿಸಿ ನೋಡಿದಾಗ ಮಾತ್ರ ಗೆರೆ ದಾಟಿತ್ತು. ಒಂದು ದಿನ ಇಷ್ಟಾದರೆ ದೇಹ ಸಾಮಾನ್ಯವಾಗಿ ತಡೆದುಕೊಂಡೀತು. ಜ್ವರದಿಂದ ಊಟ ಬಿಟ್ಟು ಮಲಗಿದವರು ನಾಲ್ಕೈದು ದಿನ ಹೀಗೆಯೇ ಮುಂದುವರಿಸಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಯಕೃತ್ತು ಈ ಮದ್ದನ್ನು ಕರಗಿಸುವಾಗ ಅದರ ಅಲ್ಪಭಾಗ ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ದ್ರವ್ಯವೊಂದು ಯಕೃತ್ತಿನಲ್ಲಿಯೇ ಇದ್ದು ಆ ವಿಷವನ್ನು ಆಗಿಂದಾಗ ಕಟ್ಟಿಹಾಕುತ್ತದೆ. ಮದ್ದು ಅತಿಯಾದಾಗ ಈ ದ್ರವ್ಯದ ದಾಸ್ತಾನು ಮುಗಿಯುತ್ತದೆ. ಕಟ್ಟಿಲ್ಲದ ವಿಷ ಯಕೃತ್ತಿನ ಕಣಗಳನ್ನೇ ಕೊಲ್ಲತೊಡಗುತ್ತದೆ. ಪ್ಯಾರಾಸಿಟಮಾಲ್ ಅತಿಯಾದರೆ ಯಕೃತ್ತು ಕೆಡುತ್ತದೆಂಬುದು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಮೊದಲು ಪ್ರಕಟವಾದದ್ದು 1966ರಲ್ಲಿ. ಅದೇ ದೇಶದಲ್ಲಿ 1998ರಿಂದ ಸಾಮಾನ್ಯ ಅಂಗಡಿಗಳಲ್ಲಿ 16ಕ್ಕಿಂತ ಹೆಚ್ಚು, ಔಷಧದಂಗಡಿಗಳಲ್ಲಿ 32ಕ್ಕಿಂತ ಹೆಚ್ಚು ಗುಳಿಗೆಗಳಿರುವ ಪೊಟ್ಟಣವನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಲಾಯಿತು.

ಈ ವಿಷದ ಕಪಟವೆಂದರೆ ಅದರ ಮೌನ. ಮೊದಲ ದಿನ ಸ್ವಲ್ಪ ವಾಕರಿಕೆ, ವಾಂತಿ ಇರಬಹುದು, ಏನೂ ಇಲ್ಲದೆಯೂ ಹೋಗಬಹುದು. ಎರಡನೆಯ ದಿನ ರೋಗಿ ಚೇತರಿಸಿಕೊಂಡಂತೆಯೇ ತೋರುತ್ತಾನೆ. ಕಣ್ಣು ಹಳದಿಯಾಗುವ ವೇಳೆಗೆ ಎರಡು ಮೂರು ದಿನಗಳು ಕಳೆದು, ಯಕೃತ್ತು ಬಹಳಷ್ಟು ಹಾಳಾಗಿರುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಆಸ್ಪತ್ರೆಗಳಲ್ಲಿದೆ. ಒಮ್ಮೆಲೇ ಅತಿಯಾಗಿ ನುಂಗಿದವರಿಗೆ ಎಂಟು ಗಂಟೆಗಳೊಳಗೆ ಅದನ್ನು ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ಆದುದರಿಂದ ಮಗುವೇ ಆಗಲಿ, ದೊಡ್ಡವರೇ ಆಗಲಿ ಹೆಚ್ಚು ಗುಳಿಗೆ ನುಂಗಿದ್ದಾರೆಂದು ತಿಳಿದ ಕೂಡಲೆ, ಅವರು ಎಷ್ಟೇ ಗೆಲುವಾಗಿ ಕಾಣಲಿ, ಖಾಲಿ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ದೂರವಾಣಿ ಮಾಡಬೇಕು. ಬೈದು, ಅತ್ತು, ನೋಡೋಣ ಎಂದು ಕಾದು ಕಳೆಯುವ ಗಂಟೆಗಳೇ ಪ್ರಾಣಕ್ಕೆ ಎರವಾಗುವ ಗಂಟೆಗಳು.

ಹೊಟ್ಟೆ, ಮೂತ್ರಪಿಂಡ, ರಕ್ತ

ಎರಡನೆಯ ಕುಲದ ಮದ್ದುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐಬುಪ್ರೊಫೆನ್. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವ ವಯಸ್ಕರು ಒಂದು ಸಲಕ್ಕೆ 400 ಮಿಲಿಗ್ರಾಂ, ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಅಂದರೆ 400ರ ಗುಳಿಗೆ ಮೂರು. ಊಟವಾದ ಮೇಲೆ, ತುಂಬು ಲೋಟ ನೀರಿನೊಡನೆ ನುಂಗುವುದು ಒಳ್ಳೆಯದು. ಈ ಕುಲದ ಎರಡು ಮದ್ದುಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದಂತೂ ಕೂಡದು. ಬೆಳಿಗ್ಗೆ ಡೈಕ್ಲೊಫೆನಾಕ್, ಸಂಜೆ ಐಬುಪ್ರೊಫೆನ್ ಎಂದು ಬದಲಾಯಿಸಿದರೆ ನೋವು ಇಮ್ಮಡಿ ಇಳಿಯುವುದಿಲ್ಲ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುವ ಭಯ ಮಾತ್ರ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಗಷ್ಟಿನಂಥದು ಕಂಡರೆ ಒಳಗೆ ರಕ್ತ ಹರಿದಿದೆಯೆಂದೇ ತಿಳಿದು ಆಸ್ಪತ್ರೆಗೆ ಧಾವಿಸಬೇಕು.

ಜಠರದ ಹುಣ್ಣು ಇದ್ದವರು, ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆಯವರು, ರಕ್ತವನ್ನು ತೆಳುವಾಗಿಸುವ ಮದ್ದು ಸೇವಿಸುವವರು ಈ ಕುಲವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಬ್ಬಸವಿರುವ ಕೆಲವರಿಗೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಒಂದೇ ಗುಳಿಗೆಯಿಂದಲೂ ಉಸಿರು ಕಟ್ಟಬಹುದು. ರಕ್ತದೊತ್ತಡದ ಮದ್ದುಗಳ ಪ್ರಭಾವವನ್ನು ಇವು ಕುಂದಿಸುತ್ತವೆ. ಹೃದಯದ ರಕ್ಷಣೆಗೆಂದು ವೈದ್ಯರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ನನ್ನು ದಿನವೂ ನುಂಗುವವರು ಅದನ್ನು ತಾವಾಗಿ ನಿಲ್ಲಿಸಲೂ ಬಾರದು, ಅದರೊಡನೆ ಐಬುಪ್ರೊಫೆನ್ ಬೆರೆಸಲೂ ಬಾರದು. ಐಬುಪ್ರೊಫೆನ್ ಆ ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಗರ್ಭಿಣಿಯರು ಇಪ್ಪತ್ತನೆಯ ವಾರದ ನಂತರ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ವೈದ್ಯರು ಹೇಳದ ಹೊರತು ತೆಗೆದುಕೊಳ್ಳಬಾರದು. ಹೊಟ್ಟೆಯಲ್ಲಿರುವ ಶಿಶುವಿನ ಮೂತ್ರಪಿಂಡಕ್ಕೆ ಅದು ಕೇಡು.

ತಿಂಗಳಿನ ನೋವಿಗೆಂದು ಹೆಣ್ಣುಮಕ್ಕಳು ನುಂಗುವ ಮೆಫ್ಟಾಲ್ ಮೊದಲಾದ ಗುಳಿಗೆಗಳಲ್ಲಿರುವುದು ಮೆಫೆನಾಮಿಕ್ ಆಮ್ಲ. ಅಪರೂಪಕ್ಕೆ ಕೆಲವರಲ್ಲಿ ಇದು ಜ್ವರ, ಮೈತುಂಬ ದದ್ದು, ಒಳಾಂಗಗಳ ಊತಗಳನ್ನುಂಟುಮಾಡುವ ತೀವ್ರ ಪ್ರತಿಕ್ರಿಯೆಗೆ ಕಾರಣವಾಗುವುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ನೀಡಿತು. ಎರಡು ದಿನದ ನೋವಿಗೆ ತೆಗೆದುಕೊಳ್ಳುವವರು ಹೆದರಬೇಕಾದ ಕಾರಣವಿಲ್ಲ. ಆದರೆ ಗುಳಿಗೆ ಸೇವಿಸಿದ ಮುಂದಿನ ವಾರಗಳಲ್ಲಿ ದದ್ದೂ ಜ್ವರವೂ ಒಟ್ಟಿಗೆ ಕಾಣಿಸಿದರೆ ಅದನ್ನು ನಿಲ್ಲಿಸಿ, ಆ ವಿಷಯವನ್ನು ವೈದ್ಯರಿಗೆ ತಿಳಿಸಲು ಮರೆಯಬಾರದು.

ಮಳೆಗಾಲದಲ್ಲಿ ಮತ್ತೊಂದು ಎಚ್ಚರ ಬೇಕು. ಬೆಂಗಳೂರಿನಂಥ ಊರುಗಳಲ್ಲಿ ಆಗ ಬರುವ ಮೈಕೈ ನೋವಿನ ಜ್ವರ ಡೆಂಗ್ಯೂ ಇರಬಹುದು. ಡೆಂಗ್ಯೂವಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತಸ್ರಾವದ ಭಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಜ್ವರ ಯಾವುದೆಂದು ಗೊತ್ತಾಗುವತನಕ ಪ್ಯಾರಾಸಿಟಮಾಲ್ ಮಾತ್ರ, ಜೊತೆಗೆ ಧಾರಾಳವಾಗಿ ನೀರು, ಎಳನೀರು, ಗಂಜಿ. ಬೇಗ ಜ್ವರ ಬಿಡಲೆಂದು ನೋವಿನ ಚುಚ್ಚುಮದ್ದು ಹಾಕಿಸಿಕೊಳ್ಳಲು ಹಟ ಹಿಡಿಯಬಾರದು.

ಮಕ್ಕಳಿಗೆ ಅಳತೆ ತೂಕದಿಂದ

ಮಕ್ಕಳ ಪ್ರಮಾಣವನ್ನು ವಯಸ್ಸಿಗಿಂತ ತೂಕ ನೋಡಿ ಗೊತ್ತುಮಾಡುವುದು ಮೇಲು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋ ಒಂದಕ್ಕೆ 15 ಮಿಲಿಗ್ರಾಂವರೆಗೆ. ನಾಲ್ಕರಿಂದ ಆರು ಗಂಟೆಗಳ ಅಂತರ. ದಿನಕ್ಕೆ ನಾಲ್ಕು ಸಲ ಮೀರಕೂಡದು. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಆಯಿತು. ತೊಡಕಿರುವುದು ಶೀಶೆಯಲ್ಲಿ. ಕೂಸುಗಳಿಗೆಂದು ಬರುವ ಹನಿಮದ್ದಿನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಒಂದು ಬಗೆಯದು 5 ಮಿಲಿಲೀಟರಿಗೆ 120, ಇನ್ನೊಂದು 5 ಮಿಲಿಲೀಟರಿಗೆ 250. ಅದೇ 150 ಮಿಲಿಗ್ರಾಂ ಕೊಡಲು ಹನಿಮದ್ದಿನಲ್ಲಿ ಒಂದೂವರೆ ಮಿಲಿಲೀಟರು, ಮೊದಲ ಸಿರಪ್ಪಿನಲ್ಲಿ ಸುಮಾರು ಆರು, ಎರಡನೆಯದರಲ್ಲಿ ಮೂರು ಬೇಕಾಗುತ್ತದೆ. ಸಿರಪ್ಪಿನ ಅಳತೆಯನ್ನು ನೆನಪಿಟ್ಟುಕೊಂಡ ಅಜ್ಜಿ ಹನಿಮದ್ದಿನ ಶೀಶೆಯಿಂದ ಆರು ಮಿಲಿಲೀಟರು ಸುರಿದರೆ ಮಗುವಿಗೆ ನಾಲ್ಕು ಪಟ್ಟು ಮದ್ದು ಹೋದಂತಾಯಿತು. ಶೀಶೆ ಬದಲಾದಾಗಲೆಲ್ಲ ಅಳತೆಯನ್ನು ಹೊಸದಾಗಿ ನೋಡಬೇಕು. ಅಡಿಗೆಮನೆಯ ಚಮಚ ಬೇಡ. ಶೀಶೆಯೊಡನೆ ಬಂದ ಗುರುತಿನ ಮುಚ್ಚಳವನ್ನೋ ಪಿಚಕಾರಿಯನ್ನೋ ಬಳಸಬೇಕು.

ಹದಿನಾರು ವರ್ಷದೊಳಗಿನವರಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಕೂಡದು. ಶೀತಜ್ವರ, ಸೀತಾಳೆ ಸಿಡುಬುಗಳಲ್ಲಿ ಅದನ್ನು ಕೊಟ್ಟಾಗ ಮೆದುಳು, ಯಕೃತ್ತುಗಳನ್ನು ಕೆಡಿಸುವ ರೈ ರೋಗ ಬರುವ ಸಂಭವವಿದೆ. ಆಸ್ಟ್ರೇಲಿಯದ ವೈದ್ಯ ಡಗ್ಲಾಸ್ ರೈ 1963ರಲ್ಲಿ ವರ್ಣಿಸಿದ ರೋಗವಿದು. ನಿಮೆಸುಲೈಡ್ ಎಂಬ ಮದ್ದನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. ನೆರೆಮನೆಯವರ ಹಳೆಯ ಚೀಟಿಯನ್ನು ನೋಡಿ ಮಗುವಿಗೆ ಮದ್ದು ತರುವವರು ಇದನ್ನು ನೆನಪಿಡಬೇಕು. ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಮದ್ದು ಹಾಕುತ್ತ ಕೂರದೆ ವೈದ್ಯರಿಗೆ ತೋರಿಸುವುದೇ ಸರಿ.

ಹಚ್ಚುವ ಎಣ್ಣೆ ಕುಡಿಯುವುದಲ್ಲ

ಊಟಿಗೆ ಹೋಗಿಬಂದವರ ಚೀಲದಲ್ಲಿ ನೀಲಗಿರಿ ಎಣ್ಣೆಯ ಜೊತೆಗೆ ವಿಂಟರ್‌ಗ್ರೀನ್ ಎಣ್ಣೆಯ ಶೀಶೆಯೂ ಇರುವುದುಂಟು. ಕೀಲುನೋವಿಗೆ ತಿಕ್ಕಲು ಒದಗುವ ಈ ಎಣ್ಣೆ ಬಹುಪಾಲು ಮೀಥೈಲ್ ಸಾಲಿಸಿಲೇಟ್, ಅಂದರೆ ಆಸ್ಪಿರಿನ್ನಿನ ಹತ್ತಿರದ ಬಂಧು. ಶುದ್ಧ ಎಣ್ಣೆಯ ಒಂದು ಟೀ ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಗುಳಿಗೆಗಳಷ್ಟು ಶಕ್ತಿಯಿದೆ. ಮಿಠಾಯಿಯಂಥ ಅದರ ಸುವಾಸನೆಗೆ ಮರುಳಾಗಿ ಮಗು ಒಂದು ಗುಟುಕು ಕುಡಿದರೂ ಪ್ರಾಣಾಪಾಯ. ಇದನ್ನು ಗುಳಿಗೆಗಳಂತೆಯೇ ಬೀಗದೊಳಗೆ ಇಡಬೇಕು. ಕರ್ಪೂರವಿರುವ ಮುಲಾಮುಗಳನ್ನು ಎಳೆಯ ಕೂಸುಗಳ ಮೂಗಿಗೆ, ಎದೆಗೆ ಹಚ್ಚುವುದೂ ಒಳ್ಳೆಯದಲ್ಲ.

ಗುಳಿಗೆಯಿಂದಲೇ ತಲೆನೋವು

ತಲೆನೋವಿಗೆ ನುಂಗುವ ಗುಳಿಗೆಯೇ ತಲೆನೋವನ್ನು ತರಬಲ್ಲದೆಂದರೆ ಆಶ್ಚರ್ಯವಾದೀತು. ಮೊದಲೇ ತಲೆನೋವಿನ ಉಪದ್ರವವುಳ್ಳವರು ತಿಂಗಳಿಗೆ ಹದಿನೈದು ದಿನ ಅಥವಾ ಅದಕ್ಕೂ ಹೆಚ್ಚು ದಿನ ಸಾದಾ ಗುಳಿಗೆಗಳನ್ನು, ಇಲ್ಲವೆ ಹತ್ತು ದಿನಗಳಷ್ಟು ಹಲವು ಮದ್ದು ಬೆರೆತ ಗುಳಿಗೆಗಳನ್ನು ಮೂರು ತಿಂಗಳಿಗೂ ಮೀರಿ ಸೇವಿಸಿದರೆ ಈ ಸ್ಥಿತಿ ಬರಬಹುದು. ಮದ್ದಿನ ಪ್ರಭಾವ ಇಳಿದೊಡನೆ ನೋವು ಮರಳುತ್ತದೆ; ನೋವು ಮರಳಿದೊಡನೆ ಕೈ ಡಬ್ಬಿಗೆ ಹೋಗುತ್ತದೆ. ಈ ಚಕ್ರದಿಂದ ಬಿಡುಗಡೆ ಸಾಧ್ಯ. ಅದು ವೈದ್ಯರ ನೆರವಿನಿಂದ ಆಗಬೇಕಾದ ಕೆಲಸ. ಕ್ಯಾಲೆಂಡರಿನಲ್ಲಿ ಗುಳಿಗೆ ನುಂಗಿದ ದಿನದ ಎದುರು ಒಂದು ಚುಕ್ಕೆ ಇಟ್ಟುಕೊಂಡರೆ ತಿಂಗಳ ಕೊನೆಯಲ್ಲಿ ಸತ್ಯ ತಾನೇ ಕಾಣುತ್ತದೆ.

ಮನೆಯವರು ಇಡಬಹುದಾದ ಲೆಕ್ಕ

ಔಷಧದ ಡಬ್ಬಿಯಲ್ಲಿ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಇಟ್ಟರೆ ಅರ್ಧ ಅಪಾಯ ಕಳೆದಂತೆ. ಯಾರು ತೆಗೆದುಕೊಂಡರು, ಯಾವ ಮದ್ದು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ ಎಂಬ ನಾಲ್ಕು ಮಾತುಗಳನ್ನು ಬರೆದರೆ ಸಾಕು. ತಾಯಿ ಕೊಟ್ಟದ್ದನ್ನು ತಿಳಿಯದೆ ತಂದೆ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ. ಹೊಸ ಗುಳಿಗೆ ಕೊಳ್ಳುವಾಗ, “ಇದರಲ್ಲಿ ಪ್ಯಾರಾಸಿಟಮಾಲ್ ಇದೆಯೆ?” ಎಂಬ ಒಂದು ಪ್ರಶ್ನೆಯನ್ನು ಅಂಗಡಿಯವರಿಗೆ ಹಾಕಲು ಸಂಕೋಚ ಬೇಡ. ಸ್ಟ್ರಿಪ್ಪನ್ನು ಕತ್ತರಿಸುವಾಗ ಮದ್ದಿನ ಹೆಸರೂ ಅವಧಿಯ ದಿನಾಂಕವೂ ಇರುವ ಭಾಗವನ್ನು ಉಳಿಸಿಕೊಳ್ಳಬೇಕು. ಹೆಸರಿಲ್ಲದ ಬಿಡಿ ಗುಳಿಗೆಯನ್ನು ಯಾರಿಗೂ ಕೊಡಬಾರದು. ಕೆಂಪು ಗೆರೆ ಇರುವ ಸ್ಟ್ರಿಪ್ಪು ವೈದ್ಯರ ಚೀಟಿಯ ಮೇಲೆ ಕೊಳ್ಳತಕ್ಕದ್ದೆಂಬುದರ ಗುರುತು. ಡೈಕ್ಲೊಫೆನಾಕ್ ಗುಳಿಗೆ ಆ ವರ್ಗಕ್ಕೆ ಸೇರಿದ್ದು. ಮಂಡಿನೋವಿನ ಅಜ್ಜಿಗೆ ವರ್ಷಾನುಗಟ್ಟಲೆ ಅದನ್ನು ತರಿಸಿಕೊಡುತ್ತಿರುವ ಮನೆಗಳಲ್ಲಿ, ಆಕೆಯ ರಕ್ತದೊತ್ತಡ ಮತ್ತು ಮೂತ್ರಪಿಂಡಗಳ ಪರೀಕ್ಷೆಯನ್ನು ಮುಂದೂಡಬಾರದು.

ಕೆಲವು ನೋವುಗಳಿಗೆ ಡಬ್ಬಿಯನ್ನು ತೆರೆಯುತ್ತ ಕೂರಲೇಬಾರದು. ಎದೆಯಲ್ಲಿ ಹಿಂಡಿದಂತಾಗಿ ತೋಳಿಗೋ ದವಡೆಗೋ ಹರಡುವ ನೋವು, ಸಿಡಿಲೆರಗಿದಂತೆ ಒಮ್ಮೆಲೇ ಬರುವ ತಲೆನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕುತ್ತಿಗೆ ಸೆಟೆಯುವುದು, ತಡೆಯಲಾರದ ಹೊಟ್ಟೆನೋವು ಇವೆಲ್ಲ ತಡಮಾಡದೆ ಆಸ್ಪತ್ರೆ ಸೇರಬೇಕಾದ ಲಕ್ಷಣಗಳು. ಇವುಗಳಿಲ್ಲದಿದ್ದರೂ ಜ್ವರ ಮೂರು ದಿನಗಳಲ್ಲಿ ಇಳಿಯದಿದ್ದರೆ, ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣಲೇಬೇಕು. ನೋವು ದೇಹ ಕಳುಹಿಸಿದ ದೂತ. ದಣಿವಿನ ಸುದ್ದಿ ತಂದ ದೂತನಿಗೆ ಒಂದು ಗುಳಿಗೆ, ಒಂದು ಲೋಟ ನೀರು, ಒಂದು ರಾತ್ರಿಯ ನಿದ್ರೆ ಸಾಕು. ಮತ್ತೆ ಮತ್ತೆ ಬಂದು ಬಾಗಿಲು ತಟ್ಟುವವನ ಬಾಯಿಗೆ ಬಟ್ಟೆ ತುರುಕದೆ, ಅವನು ತಂದ ಸುದ್ದಿಯೇನೆಂದು ಕೇಳಿಸಿಕೊಳ್ಳುವುದೇ ವಿವೇಕ.